ಅರ್ಥಶಾಸ್ತ್ರಜ್ಞರ ಮಾತನ್ನು ಆಳುವವರು ಕೇಳಿದರಾ, ಇಲ್ಲ ತಮಗೆ ಬೇಕಾದಷ್ಟನ್ನು ಮಾತ್ರ ಎತ್ತಿಕೊಂಡರಾ?

ಓದುವ_ಹುಚ್ಚು

ಎಲ್ಲರಿಗೂ ನಮಸ್ಕಾರ. ನಾನು ಅರ್ಥಶಾಸ್ತ್ರ ಎಂ.ಎ. ವಿದ್ಯಾರ್ಥಿನಿ. ಈ ಸೆಮಿಸ್ಟರಿನಲ್ಲಿ ಆರ್ಥಿಕ ಚಿಂತನೆಯ ಇತಿಹಾಸ ಅಂತ ಒಂದು ಪೇಪರ್ ಇದೆ. ನೋಟ್ಸಿನಲ್ಲಿ ಸ್ಮಿತ್ ಆದಮೇಲೆ ಮಾಲ್ಥಸ್, ಆಮೇಲೆ ರಿಕಾರ್ಡೊ, ಮಿಲ್, ಮಾರ್ಕ್ಸ್, ಕೇನ್ಸ್ ಹೀಗೆ ಸಾಲಾಗಿ ಬರುತ್ತಾರೆ. ಒಬ್ಬೊಬ್ಬರಿಗೂ ಹುಟ್ಟಿದ ವರ್ಷ, ಸಿದ್ಧಾಂತ, ಟೀಕೆ, ಇಷ್ಟೇ. ಆಗ ಯಾರ ಸರ್ಕಾರ ಇತ್ತು, ಯಾರಿಗೂ ಯಾರಿಗೂ ಜಗಳ ನಡೆಯುತ್ತಿತ್ತು, ಆ ಮಾತಿನಿಂದ ಯಾರ ಜೇಬು ತುಂಬಿತು, ಯಾರದ್ದು ಖಾಲಿಯಾಯಿತು ಅನ್ನೋದರ ಬಗ್ಗೆ ಒಂದು ಸಾಲೂ ಇಲ್ಲ.

ಈಗ ರಿಕಾರ್ಡೊನ ಗೇಣಿ ಸಿದ್ಧಾಂತ ಓದುತ್ತಿದ್ದೇನೆ. ಜನ ಹೆಚ್ಚಿದಂತೆ ಕಳಪೆ ಜಮೀನನ್ನೂ ಉಳಬೇಕಾಗುತ್ತದೆ. ಧಾನ್ಯದ ಬೆಲೆ ಆ ಕಳಪೆ ಜಮೀನಿನ ಖರ್ಚಿಗೆ ತಕ್ಕಂತೆ ಏರುತ್ತದೆ. ಆಗ ಒಳ್ಳೆ ಜಮೀನಿನಲ್ಲಿ ಖರ್ಚು ಕಳೆದು ಉಳಿಯುವ ಹೆಚ್ಚುವರಿಯೇ ಗೇಣಿ, ಅದು ಭೂಮಾಲೀಕನಿಗೆ ಕೂತಲ್ಲೇ ಬರುವ ಹಣ. ಇದಿಷ್ಟು ಅರ್ಥವಾಯಿತು. ಆದರೆ ಇಂಥ ವಿಚಾರ 1815ರ ಹೊತ್ತಿಗೇ ಯಾಕೆ ಬಂತು, ಅದರಿಂದ ಯಾರ ಬದುಕಿನಲ್ಲಾದರೂ ಏನಾದರೂ ಬದಲಾಯಿತಾ? ರಾಜಕೀಯ ಮೊದಲೋ ಸಿದ್ಧಾಂತ ಮೊದಲೋ? ಕ್ಲಾಸಿನಲ್ಲಿ ಕೇಳಿದರೆ ಸಿಲಬಸ್‌ನಲ್ಲಿಲ್ಲ ಅಂದರು. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ, ಉದ್ದ ಆದರೂ ಪರವಾಗಿಲ್ಲ.

ಹಳೇ_ಟಿಪ್ಪಣಿ

ನೋಡಮ್ಮಾ, ನಾನು ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ರಿಕಾರ್ಡೊನ ಹೆಸರು ನನಗೆ ಸಿಕ್ಕಿದ್ದು ಅರ್ಥಶಾಸ್ತ್ರದ ಪುಸ್ತಕದಲ್ಲಲ್ಲ, ಹಳೆ ಸರ್ವೇ ಚರಿತ್ರೆ ಓದುವಾಗ. ನಿಮ್ಮ ಮನೆಯಲ್ಲಿ ಪಹಣಿ ಇದ್ದರೆ ತೆಗೆದು ನೋಡಿ. ಸರ್ವೇ ನಂಬರ್, ವಿಸ್ತೀರ್ಣ, ಫೂಟ್ ಖರಾಬು (ಸಾಗುವಳಿಗೆ ಬಾರದ ಜಾಗ), ಕಂದಾಯ, ಮಣ್ಣಿನ ನಮೂನೆ ಅಂತ ಕಾಲಂಗಳು ಇರುತ್ತವೆ. ಮಣ್ಣಿಗೂ ಕಂದಾಯಕ್ಕೂ ಹೀಗೆ ಗಂಟು ಬಿದ್ದ ಕಥೆಯಲ್ಲಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಮೊದಲು ಇಂಗ್ಲೆಂಡ್. 1815ರಲ್ಲಿ ನೆಪೋಲಿಯನ್ ಜೊತೆಗಿನ ಯುದ್ಧ ಮುಗಿಯಿತು. ಯುದ್ಧ ಇದ್ದಷ್ಟು ದಿನ ಗೋಧಿ ಬೆಲೆ ಮೇಲಿತ್ತು, ಭೂಮಾಲೀಕರು ಚೆನ್ನಾಗಿದ್ದರು. ಯುದ್ಧ ನಿಂತರೆ ಹೊರಗಿನ ಗೋಧಿ ಬಂದು ಬೆಲೆ ಬೀಳುತ್ತದೆ ಅಂತ ಹೆದರಿಕೆ. ಸಂಸತ್ತಿನಲ್ಲಿ ಕೂತಿದ್ದವರು ಬಹುಪಾಲು ಭೂಮಾಲೀಕರೇ. ಒಂದು ಕ್ವಾರ್ಟರ್ (ಅಲ್ಲಿನ ಧಾನ್ಯದ ಅಳತೆ) ಗೋಧಿಗೆ 80 ಶಿಲ್ಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿ ಮಾರುವಂತಿಲ್ಲ ಅಂತ ಧಾನ್ಯ ಕಾನೂನು ಮಾಡಿಕೊಂಡರು. ರಿಕಾರ್ಡೊ ಮತ್ತು ಮಾಲ್ಥಸ್ ಇಬ್ಬರೂ ಅದೇ ವರ್ಷ ಗೇಣಿಯ ಬಗ್ಗೆ ಬರೆದರು. ಮಾಲ್ಥಸ್ ಕಾನೂನಿನ ಪರ, ರಿಕಾರ್ಡೊ ವಿರುದ್ಧ. ಅಂದರೆ ಸಿದ್ಧಾಂತ ಹುಟ್ಟಿದ್ದೇ ಒಂದು ಕಾನೂನಿನ ಜಗಳದಲ್ಲಿ.

ಈಗ ನಮ್ಮ ಕಡೆ ಬರೋಣ. ಈಸ್ಟ್ ಇಂಡಿಯಾ ಕಂಪನಿ ತನ್ನ ಅಧಿಕಾರಿಗಳನ್ನು ತಯಾರು ಮಾಡಲು ಇಂಗ್ಲೆಂಡಿನಲ್ಲಿ ಒಂದು ಕಾಲೇಜು ನಡೆಸುತ್ತಿತ್ತು. ಹೈಲಿಬರಿ ಕಾಲೇಜು ಅಂತಲೇ ಅದರ ಹೆಸರು ಉಳಿದಿದೆ. ಅಲ್ಲಿ 1805ರಿಂದ 1834ರಲ್ಲಿ ಸಾಯುವವರೆಗೂ ಅರ್ಥಶಾಸ್ತ್ರದ ಮೇಷ್ಟ್ರು ಇದೇ ಮಾಲ್ಥಸ್. ಹದಿನೇಳು ಹದಿನೆಂಟರ ಹುಡುಗರು ಅವನ ಹತ್ತಿರ ಪಾಠ ಕೇಳಿ, ಹಡಗು ಹತ್ತಿ, ಇಲ್ಲಿ ಬಂದು ತಾಲ್ಲೂಕುಗಟ್ಟಲೆ ಜಮೀನಿಗೆ ಕಂದಾಯ ಕಟ್ಟುತ್ತಿದ್ದರು. ಆ ಕಡೆ ಲಂಡನ್ನಿನ ಕಂಪನಿ ಕಚೇರಿಯಲ್ಲಿ 1819ರಿಂದ ಜೇಮ್ಸ್ ಮಿಲ್. ಅವನು ರಿಕಾರ್ಡೊನ ಆಪ್ತ ಸ್ನೇಹಿತ. ಅವನ ವಾದ ಏನಂದರೆ, ಗೇಣಿ ದುಡಿಯದೆ ಬರುವ ಹಣ, ಅದನ್ನು ಸರ್ಕಾರ ಪೂರ್ತಿ ತೆಗೆದುಕೊಂಡರೂ ಬೆಳೆಗಾಗಲಿ ಬೆಲೆಗಾಗಲಿ ತೊಂದರೆ ಇಲ್ಲ, ಭಾರತದಲ್ಲಿ ಹಾಗೇ ಮಾಡಬಹುದು. ಇಂಗ್ಲೆಂಡಿನಲ್ಲಿ ಈ ಮಾತು ನಡೆಯುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಗೇಣಿ ತಿನ್ನುವವನೇ ಸಂಸತ್ತಿನಲ್ಲಿದ್ದ. ಇಲ್ಲಿ ರೈತನ ಪರವಾಗಿ ಕೇಳುವವರು ಯಾರಿದ್ದರು?

ಇದನ್ನು ನೆಲದ ಮೇಲೆ ಮಾಡಿ ನೋಡಿದವನು ಪ್ರಿಂಗಲ್ ಅನ್ನುವ ಕಂಪನಿ ಅಧಿಕಾರಿ. ಹೈಲಿಬರಿಯಲ್ಲಿ ಮಾಲ್ಥಸ್ ಶಿಷ್ಯ. 1820ರ ದಶಕದಲ್ಲಿ ಪುಣೆ ಜಿಲ್ಲೆಯ ಸರ್ವೇ ಅವನ ಕೈಗೆ ಬಂತು. ಪ್ರತಿ ಜಾತಿಯ ಮಣ್ಣಿಗೂ ಒಟ್ಟು ಬೆಳೆ ಎಷ್ಟು, ಬೀಜ, ಎತ್ತು, ಕೂಲಿ ಖರ್ಚು ಎಷ್ಟು ಅಂತ ಲೆಕ್ಕ ಹಾಕಿ, ಕಳೆದು, ಉಳಿದ ನಿವ್ವಳದಲ್ಲಿ ನೂರಕ್ಕೆ 55 ಪಾಲು ಸರ್ಕಾರಕ್ಕೆ ಅಂತ ನಿಗದಿ ಮಾಡಿದ. ಕಾಗದದ ಮೇಲೆ ಇದು ಶುದ್ಧ ರಿಕಾರ್ಡೊ. 1830ರ ಹೊತ್ತಿಗೆ ಜಾರಿಗೆ ಬಂತು, ಬಂದ ಕೂಡಲೇ ಕುಸಿಯಿತು. ಅಳತೆಯೇ ಸರಿ ಇರಲಿಲ್ಲ. ಬೆಳೆ ಲೆಕ್ಕ ಬರೆದದ್ದು ಸ್ಥಳೀಯ ಸಿಬ್ಬಂದಿ, ದುಡ್ಡು ಕೊಟ್ಟವನ ಕರಿಮಣ್ಣು ಪುಸ್ತಕದಲ್ಲಿ ಕಲ್ಲುಭೂಮಿ ಆಯಿತು, ಕೊಡದವನ ಬರಡು ಹೊಲ ಎರೆಹೊಲ ಆಯಿತು. ಮೇಲಿಂದ ಬೆಲೆಯೂ ಬಿತ್ತು. ಬಾಕಿ ಬೆಳೆಯಿತು, ವಸೂಲಿಗೆ ಹಿಂಸೆ ಶುರುವಾಯಿತು, ಜನ ಹೊಲ ಬೀಳು ಬಿಟ್ಟು ಊರು ಬಿಟ್ಟರು.

1835ರಿಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅಂತ ಇಬ್ಬರು ಇಂದಾಪುರದಲ್ಲಿ ಮತ್ತೆ ಶುರು ಮಾಡಿದರು. ಇವರು ನಿವ್ವಳ ಉತ್ಪನ್ನದ ಲೆಕ್ಕವನ್ನೇ ಕೈಬಿಟ್ಟರು. ಮಣ್ಣಿನ ಬಣ್ಣ ಏನು, ಎಷ್ಟು ಮೊಳ ಆಳ, ಸುಣ್ಣದ ಹರಳು ಇದೆಯಾ, ಮರಳು ಬೆರೆತಿದೆಯಾ, ಇಳಿಜಾರಾ ಅಂತ ನೋಡಿ ದೋಷಕ್ಕೆ ತಕ್ಕಂತೆ ಅಂಶ ಕಳೆಯುವುದು, ಉತ್ತಮ ಮಣ್ಣು ಹದಿನಾರಾಣೆ, ಉಳಿದದ್ದು ಅದರ ಕೆಳಗೆ. ಒಟ್ಟು ಎಷ್ಟು ವಸೂಲಾಗಬೇಕು ಅನ್ನೋದನ್ನು ಹಿಂದಿನ ವರ್ಷಗಳ ವಸೂಲಿ ನೋಡಿ ಅಂದಾಜು ಮಾಡಿದರು, 30 ವರ್ಷಕ್ಕೆ ದರ ನಿಲ್ಲಿಸಿದರು. ಈ ಪದ್ಧತಿಯೇ 1840ರ ದಶಕದಲ್ಲಿ ಧಾರವಾಡ ಕಡೆಗೆ ಬಂತು, 1863ರಿಂದ ಮೈಸೂರು ಸಂಸ್ಥಾನಕ್ಕೂ ಬಂತು. ನಾವು ಇಲಾಖೆಯಲ್ಲಿ ಆಕಾರಬಂದ್ ಅಂತ ನೋಡುತ್ತಿದ್ದ, ಸರ್ವೇ ನಂಬರುವಾರು ವಿಸ್ತೀರ್ಣ, ಕಂದಾಯ ಬರೆದಿಡುವ ದಾಖಲೆಯ ಬೇರು ಅಲ್ಲಿದೆ.

ಹಾಗಾಗಿ ನನ್ನ ಉತ್ತರ ಇಷ್ಟು. ಸಿದ್ಧಾಂತ ಒಂದು ದೇಶದಲ್ಲಿ ಭೂಮಾಲೀಕನ ವಿರುದ್ಧ ಹುಟ್ಟಿತು, ಇನ್ನೊಂದು ದೇಶದಲ್ಲಿ ಉಳುವವನ ಮೇಲೆ ಬಿತ್ತು. ಎಲ್ಲಿ ತಡೆಯುವವರು ಇರಲಿಲ್ಲವೋ ಅಲ್ಲಿ ಅದನ್ನು ಪೂರ್ತಿ ಪ್ರಯೋಗ ಮಾಡಿದರು.

ಬಳ್ಳಾರಿ_ಬಿಸಿಲು

@ಹಳೇ_ಟಿಪ್ಪಣಿ ಸರ್, ಬಹಳ ಒಳ್ಳೆ ಮಾಹಿತಿ. ಆದರೆ ಒಂದು ವಿಷಯದಲ್ಲಿ ನನ್ನ ತಕರಾರಿದೆ. ನೀವು ಹೇಳಿದ ರೀತಿ ಓದಿದರೆ ರಿಕಾರ್ಡೊನ ಪುಸ್ತಕ ಬಂದ ಮೇಲೆ ಇಲ್ಲಿ ರೈತನಿಂದ ನೇರ ಕಂದಾಯ ತೆಗೆಯುವುದು ಶುರುವಾಯಿತು ಅನಿಸುತ್ತದೆ. ನಮ್ಮ ಕಡೆ ಹಾಗಲ್ಲ.

ರಯತವಾರಿ, ಅಂದರೆ ರೈತನಿಂದ ನೇರವಾಗಿ ಕಂದಾಯ ತೆಗೆಯುವ ಪದ್ಧತಿ, ಶುರುವಾದದ್ದು 1792ರಲ್ಲಿ, ಈಗಿನ ತಮಿಳುನಾಡಿನ ಬಾರಾಮಹಲಿನಲ್ಲಿ. ಟಿಪ್ಪುವಿನಿಂದ ಕಿತ್ತುಕೊಂಡ ಸೀಮೆ ಅದು. ರೀಡ್ ಅನ್ನುವ ಸೇನಾಧಿಕಾರಿ, ಅವನ ಕೈಕೆಳಗೆ ಥಾಮಸ್ ಮನ್ರೋ. ಮನ್ರೋ ಆಮೇಲೆ ಕೆನರಾಕ್ಕೆ ಬಂದ. 1800ರಲ್ಲಿ ನಿಜಾಮ ಬಳ್ಳಾರಿ, ಕಡಪ ಸೀಮೆ ಬಿಟ್ಟುಕೊಟ್ಟ ಮೇಲೆ 1807ರವರೆಗೆ ಇಲ್ಲಿ ಕಲೆಕ್ಟರ್ ಆಗಿದ್ದ. ರಿಕಾರ್ಡೊನ ದೊಡ್ಡ ಪುಸ್ತಕ ಬಂದದ್ದು 1817ರಲ್ಲಿ. ಮನ್ರೋಗೆ ಗೇಣಿ ಸಿದ್ಧಾಂತ ಹೇಳಿಕೊಟ್ಟವರು ಯಾರೂ ಇಲ್ಲ. ಪಾಳೇಗಾರರನ್ನು ಪಕ್ಕಕ್ಕೆ ಸರಿಸಬೇಕು, ಸೈನ್ಯಕ್ಕೆ ದುಡ್ಡು ಬೇಕು, ನಡುವೆ ಯಾರೂ ತಿನ್ನಬಾರದು. ಇದು ಅಂದಿನ ಅಗತ್ಯ, ಅಂದರೆ ರಾಜಕೀಯ. ಹಿಂದಿನ ಸುಲ್ತಾನರ ಅಮಲ್ದಾರರೂ ಹೆಚ್ಚು ಕಡಿಮೆ ಹೀಗೇ ವಸೂಲು ಮಾಡುತ್ತಿದ್ದರು.

ಮತ್ತೆ ಬಿಟ್ಟು ಹೋಗುವಾಗ 1807ರಲ್ಲಿ ಮನ್ರೋ ಏನು ಬರೆದ ಗೊತ್ತಾ? ಈ ಜನರಿಗೆ ಕಂದಾಯ ಜಾಸ್ತಿಯಾಗಿದೆ, ನೂರಕ್ಕೆ 25 ಇಳಿಸಿ ಅಂತ. ಮದ್ರಾಸಿನವರು ಆಗ ಒಪ್ಪಲಿಲ್ಲ. ಹಳ್ಳಿಹಳ್ಳಿಯನ್ನೇ ಗುತ್ತಿಗೆ ಕೊಡುವ ಪದ್ಧತಿ ತಂದರು, ಅದು ಮುಗ್ಗರಿಸಿತು, ಆಮೇಲೆ ರಯತವಾರಿಗೆ ವಾಪಸ್ ಬಂದರು. ನೆಲದ ಮೇಲೆ ಓಡಾಡಿದವನಿಗೆ ಗೊತ್ತಿದ್ದ ವಿಷಯಕ್ಕೆ ಸಿದ್ಧಾಂತ ಬೇಕಿರಲಿಲ್ಲ ಅನ್ನುವುದು ನನ್ನ ಮಾತು. ಸಿದ್ಧಾಂತ ಬಂದದ್ದು ತಡವಾಗಿ, ಆಗಲೇ ನಡೆಯುತ್ತಿದ್ದ ವಸೂಲಿಗೆ ಶಾಸ್ತ್ರದ ಮುದ್ರೆ ಒತ್ತುವುದಕ್ಕೆ.

ಹಳೇ_ಟಿಪ್ಪಣಿ

ಮನ್ರೋ ವಿಷಯ ನೀವು ಹೇಳಿದ್ದು ನಿಜ, ರಯತವಾರಿ ರಿಕಾರ್ಡೊಗಿಂತ ಹಳೆಯದು. ಆದರೆ ಬರೀ ಮುದ್ರೆ ಅನ್ನುವುದನ್ನು ನಾನು ಒಪ್ಪಲ್ಲ. ಮುದ್ರೆಗೂ ಬಲ ಇರುತ್ತದೆ. ಮನ್ರೋ ನೂರಕ್ಕೆ 25 ಬಿಡಿ ಅಂದದ್ದು ಕಣ್ಣಾರೆ ಕಂಡು. ಪ್ರಿಂಗಲ್‌ಗೆ ನೂರಕ್ಕೆ 55 ಕೇಳುವ ಧೈರ್ಯ ಬಂದದ್ದು, ಉಳಿದ 45 ರೈತನಿಗೆ ಲಾಭವೇ ಅಂತ ಅವನ ಪಾಠ ಹೇಳಿದ್ದರಿಂದ. ಸಿದ್ಧಾಂತ ಇಲ್ಲದಿದ್ದರೆ ಕೈ ಸ್ವಲ್ಪವಾದರೂ ನಡುಗುತ್ತಿತ್ತು.

ಮಂಡ್ಯ_ಟು_ಮ್ಯಾಂಚೆಸ್ಟರ್

ಚರ್ಚೆ ಚೆನ್ನಾಗಿದೆ. ಇಂಗ್ಲೆಂಡಿನ ಕಡೆಯ ಕಥೆ ಅರ್ಧಕ್ಕೆ ನಿಂತಿದೆ, ಅದನ್ನು ಮುಗಿಸುತ್ತೇನೆ. ನಾನಿರುವ ಊರಿನದೇ ಕಥೆ ಅದು.

ರಿಕಾರ್ಡೊ ಹಣ ಕೊಟ್ಟು ಐರ್ಲೆಂಡಿನ ಒಂದು ಸಣ್ಣ ಕ್ಷೇತ್ರದಿಂದ 1819ರಲ್ಲಿ ಸಂಸತ್ತಿಗೆ ಹೋದ. ಆಗ ಅದೇ ರೂಢಿ. ಅಲ್ಲಿ ಧಾನ್ಯ ಕಾನೂನಿನ ವಿರುದ್ಧ ಮಾತಾಡಿದ, ಎಲ್ಲರೂ ಮರ್ಯಾದೆಯಿಂದ ಕೇಳಿದರು, ಏನೂ ಆಗಲಿಲ್ಲ. 1823ರಲ್ಲಿ ತೀರಿಕೊಂಡ. ಕಾನೂನು ರದ್ದಾದದ್ದು 1846ರಲ್ಲಿ. ವಾದ ಅದೇ, ಅಂಕಿ ಅದೇ. ಮಧ್ಯದಲ್ಲಿ ಬದಲಾದದ್ದು ಏನು? 1832ಕ್ಕೆ ಮುಂಚೆ ಇಷ್ಟು ದೊಡ್ಡ ಮ್ಯಾಂಚೆಸ್ಟರ್ ಪಟ್ಟಣಕ್ಕೆ ಸಂಸತ್ತಿನಲ್ಲಿ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಆ ವರ್ಷದ ಸುಧಾರಣೆ ಕಾಯಿದೆಯಿಂದ ಇಬ್ಬರು ಬಂದರು. ಗಿರಣಿ ಮಾಲೀಕರಿಗೆ ಮತದಾನದ ಹಕ್ಕು ಬಂತು. ಊಟ ಅಗ್ಗವಾದರೆ ಕೂಲಿ ಅಗ್ಗ, ಕೂಲಿ ಅಗ್ಗವಾದರೆ ಬಟ್ಟೆ ಅಗ್ಗ. ಕಾಬ್ಡೆನ್, ಬ್ರೈಟ್ ಅನ್ನುವ ಇಬ್ಬರು ಮುಖಂಡರು ಇಲ್ಲಿ ಧಾನ್ಯ ಕಾನೂನಿನ ವಿರುದ್ಧ ಸಂಘ ಕಟ್ಟಿ ಊರೂರಿಗೆ ಭಾಷಣಕಾರರನ್ನು ಕಳಿಸಿದರು, ಕರಪತ್ರ ಹಂಚಿದರು. ಆಗ ರಿಕಾರ್ಡೊನ ಮಾತಿಗೆ ಕಾಲು ಬಂತು.

ಆದರೆ ಬರೀ ಸ್ವಾರ್ಥ ಅಂತ ಹೇಳಿ ಮುಗಿಸೋಕೂ ಆಗಲ್ಲ. ಪ್ರಧಾನಿ ಪೀಲ್ ಗೆದ್ದದ್ದು ಭೂಮಾಲೀಕರ ಬೆಂಬಲದಿಂದ. ಸುಮ್ನೆ ಇದ್ದಿದ್ದರೆ ಕುರ್ಚಿ ಉಳಿಯುತ್ತಿತ್ತು. ಅವನು ವಾದಕ್ಕೆ ನಿಧಾನವಾಗಿ ಮನಸೋತ, ಐರ್ಲೆಂಡಿನಲ್ಲಿ 1845ರಲ್ಲಿ ಆಲೂಗಡ್ಡೆ ಬೆಳೆ ಕೊಳೆತುಹೋದಾಗ ಇನ್ನು ಕಾಯಲಾಗದು ಅಂತ ನಿರ್ಧರಿಸಿದ. ಅವನ ಪಕ್ಷದ ಮೂರರಲ್ಲಿ ಎರಡು ಪಾಲು ಜನ ವಿರುದ್ಧ ಮತ ಹಾಕಿದರು. ವಿರೋಧ ಪಕ್ಷದ ಮತದಿಂದ ಕಾನೂನು ರದ್ದಾಯಿತು, ಕೂಡಲೇ ಸರ್ಕಾರ ಬಿತ್ತು, ಪೀಲ್ ಮತ್ತೆ ಅಧಿಕಾರಕ್ಕೆ ಬರಲಿಲ್ಲ. ಒಂದು ವಿಚಾರಕ್ಕಾಗಿ ಕುರ್ಚಿ ಕಳೆದುಕೊಂಡವನು ಇತಿಹಾಸದಲ್ಲಿ ಆಗಾಗ ಸಿಗುವುದಿಲ್ಲ, ಅವನಿಗೆ ಸಲ್ಲಬೇಕಾದ್ದು ಸಲ್ಲಲಿ. ಆ ಗೆಲುವಿನ ನೆನಪಿಗೆ ಇಲ್ಲಿ ಫ್ರೀ ಟ್ರೇಡ್ ಹಾಲ್ ಕಟ್ಟಿದರು. ಈಗ ಅದು ಹೋಟೆಲ್ ಆಗಿದೆ, ಮುಂಭಾಗದ ಕಲ್ಲಿನ ಕಮಾನುಗಳು ಹಾಗೇ ಇವೆ.

ತುಂಗಾತೀರ

ಐರ್ಲೆಂಡಿನ ಹೆಸರು ಬಂತಲ್ಲ, ಅಲ್ಲಿಂದಲೇ ಹಿಡಿಯುತ್ತೇನೆ. ನಾನು ಇತಿಹಾಸ ಪಾಠ ಮಾಡುವವಳು, ಈ ವಿಷಯ ನನಗೆ ನೋವಿನದು.

ಪೀಲ್ ಹೋದಮೇಲೆ ಐರ್ಲೆಂಡಿನ ಬರಪರಿಹಾರದ ಕೀಲಿ ಇದ್ದದ್ದು ಖಜಾನೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್ ಕೈಯಲ್ಲಿ. ಇವನೂ ಹೈಲಿಬರಿ ಹುಡುಗ, ಭಾರತದಲ್ಲಿ ಕಂಪನಿ ಕೆಲಸ ಮಾಡಿ ಹೋಗಿದ್ದವನು. ಸರ್ಕಾರ ಧಾನ್ಯ ತಂದು ಹಂಚಿದರೆ ವ್ಯಾಪಾರ ಕೆಡುತ್ತದೆ ಅನ್ನುವುದು ಅವನ ನಂಬಿಕೆ. ಜನ ಸಾಯುತ್ತಿದ್ದಾಗಲೂ ಐರ್ಲೆಂಡಿನಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು. ಅದೇ ಟ್ರೆವೆಲ್ಯನ್ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ.

ಈ ನಂಬಿಕೆಯ ಮೂಲ ಆಡಂ ಸ್ಮಿತ್ ಅಂತ ಎಲ್ಲರೂ ಹೇಳುತ್ತಾರೆ. ಸ್ಮಿತ್ 1776ರಲ್ಲಿ ಬರೆದದ್ದನ್ನು ತೆರೆದು ನೋಡಿದರೆ ಬೇರೆಯೇ ಕಾಣುತ್ತದೆ. ಧಾನ್ಯದ ಅಭಾವ ಕ್ಷಾಮವಾಗುವುದು ಸರ್ಕಾರದ ಕೆಟ್ಟ ಹಸ್ತಕ್ಷೇಪದಿಂದ ಅಂತ ಅವನು ಹೇಳಿದ್ದು ಹೌದು. ಆದರೆ ಅಲ್ಲಿ ಅವನು ಕೊಟ್ಟ ಉದಾಹರಣೆ ಬಂಗಾಳದ ಬರ! ಮಳೆ ಕೈಕೊಟ್ಟಿತ್ತು, ಆದರೆ ಅದನ್ನು ಕ್ಷಾಮ ಮಾಡುವುದರಲ್ಲಿ ಅಕ್ಕಿ ವ್ಯಾಪಾರದ ಮೇಲೆ ಕಂಪನಿ ನೌಕರರು ಹೇರಿದ ಕಟ್ಟಳೆಗಳ ಪಾಲಿದೆ ಅಂತ ಅವನ ಅಭಿಪ್ರಾಯ. ಕಂಪನಿಯ ಏಕಸ್ವಾಮ್ಯವನ್ನು ಬೈದ ಮಾತು ಅದು. ನೂರು ವರ್ಷದ ನಂತರ ಅದೇ ಮಾತನ್ನು ಕಂಪನಿಯ ಉತ್ತರಾಧಿಕಾರಿಗಳು ಕೈಕಟ್ಟಿ ಕೂರಲು ಬಳಸಿದರು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

1866ರಲ್ಲಿ ಒಡಿಶಾದಲ್ಲಿ ಸರ್ಕಾರ ಹೊತ್ತಿಗೆ ಸರಿಯಾಗಿ ಧಾನ್ಯ ತರಿಸಲಿಲ್ಲ, ಸತ್ತವರು ಸುಮಾರು 10 ಲಕ್ಷ. ಅದರ ನಾಚಿಕೆಯಿಂದ 1874ರಲ್ಲಿ ಬಿಹಾರದಲ್ಲಿ ರಿಚರ್ಡ್ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ, ಸಾವು ತೀರಾ ಕಡಿಮೆ ಆಯಿತು. ಇದಕ್ಕೆ ಸಿಕ್ಕ ಬಹುಮಾನ ಬೈಗುಳ, ದುಡ್ಡು ಪೋಲು ಮಾಡಿದ ಅಂತ. 1877ರ ಜನವರಿಯಲ್ಲಿ ವೈಸ್‌ರಾಯ್ ಲಿಟ್ಟನ್ ಅದೇ ಟೆಂಪಲ್‌ನನ್ನು ದಕ್ಷಿಣದ ಬರ ನೋಡಲು ಕಳಿಸಿದ. ಈ ಸಲ ಟೆಂಪಲ್ ಕೈ ಬಿಗಿ ಹಿಡಿದ. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಕಲ್ಲು ಒಡೆಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಿಷ್ಟು ಚಿಲ್ಲರೆ ಕಾಸು. ಒಂದು ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದರಲ್ಲಿ ಜನ ಬದುಕಲ್ಲ ಅಂತ ಅಂಕಿ ಸಮೇತ ಜಗಳಕ್ಕೆ ನಿಂತ. ಕೆಲವೇ ತಿಂಗಳಲ್ಲಿ ಕೂಲಿ ಏರಿಸಬೇಕಾಯಿತು, ಅಷ್ಟರಲ್ಲಿ ಎಷ್ಟೋ ಜನ ಹೋಗಿಯಾಗಿತ್ತು. ನಮ್ಮ ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದುದು ಇದನ್ನೇ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ ಚಿಲ್ಲರೆ ಜನ ಇದ್ದರು, 1881ರಲ್ಲಿ ಸುಮಾರು 42 ಲಕ್ಷ. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲೇ ಇತ್ತು.

ಒಬ್ಬನೇ ಮನುಷ್ಯ, ಮೂರು ವರ್ಷದ ಅಂತರ. ಅವನು ಓದಿದ ಅರ್ಥಶಾಸ್ತ್ರ ಮಧ್ಯದಲ್ಲೇನೂ ಬದಲಾಗಿರಲಿಲ್ಲ. ಮೇಲಿನವರು ಈಗ ಖರ್ಚು ಕಡಿಮೆ ಮಾಡು ಅಂದರು. ಶಾಸ್ತ್ರ ಆ ಹುಕುಮಿಗೆ ನೆಪವಾಯಿತು.

ಓದುವ_ಹುಚ್ಚು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಯ ಪಹಣಿ ತೆಗೆದು ನೋಡಿದೆ, ಕಂದಾಯದ ಪಕ್ಕದಲ್ಲೇ ಮಣ್ಣಿನ ನಮೂನೆ ಕಾಲಂ ಇದೆ, ಇಷ್ಟು ದಿನ ಗಮನಿಸಿರಲೇ ಇಲ್ಲ. ತುಂಗಾತೀರ ಮೇಡಂ, ನಿಮ್ಮ ಉತ್ತರ ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಇನ್ನೊಂದು ಕೇಳಲಾ? ಮುಕ್ತ ವ್ಯಾಪಾರವೇ ಸರಿ ಅನ್ನುವ ಸಿದ್ಧಾಂತಕ್ಕೆ ಭಾರತದಿಂದಲೇ ಎದುರುತ್ತರ ಕೊಟ್ಟವರು ಯಾರೂ ಇರಲಿಲ್ಲವಾ? ನಮ್ಮ ನೋಟ್ಸಿನಲ್ಲಿ ದಾದಾಭಾಯಿ ನವರೋಜಿ ಮತ್ತು ರಾನಡೆ ಕೊನೆಯ ಪುಟದಲ್ಲಿ ಎರಡು ಪ್ಯಾರಾ ಇದ್ದಾರೆ ಅಷ್ಟೇ.

ಮಗ್ಗದ_ಮನೆ

ತಂಗಿ, ಆ ಕೊನೆಯ ಪುಟವನ್ನೇ ಮೊದಲು ಓದಬೇಕು. ನಮ್ಮದು ನೇಕಾರರ ಮನೆತನ, ಬಟ್ಟೆಯ ಸುಂಕದ ಕಥೆ ಹೇಳುತ್ತೇನೆ.

ಇಂಗ್ಲೆಂಡ್ ಬಲ ಇಲ್ಲದಾಗ ಏನು ಮಾಡಿತು ನೋಡಿ. ನಮ್ಮ ಚೀಟಿ ಬಟ್ಟೆ (ಅಚ್ಚು ಹಾಕಿದ ಹತ್ತಿ ಬಟ್ಟೆ) ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರ ಹೊಟ್ಟೆ ಮೇಲೆ ಹೊಡೆಯಿತು ಅಂತ 1700ರಲ್ಲಿ ಅಚ್ಚುಬಟ್ಟೆ ಆಮದಿಗೆ ತಡೆ ಹಾಕಿತು, 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆ ಉಡುವುದನ್ನೇ ಅಪರಾಧ ಮಾಡಿತು. ಮಿಲ್ಲುಗಳು ಬಂದು ಕೈ ಮೇಲಾದಮೇಲೆ ಮುಕ್ತ ವ್ಯಾಪಾರ ಪ್ರಕೃತಿಯ ನಿಯಮ ಅಂತ ಪಾಠ ಶುರುವಾಯಿತು. ಜರ್ಮನಿಯ ಫ್ರೆಡರಿಕ್ ಲಿಸ್ಟ್ 1841ರಲ್ಲೇ ಇದನ್ನು ಹಿಡಿದು ಹೇಳಿದ, ತಾವು ಮೇಲೇರಿದ ಮೇಲೆ, ಬೇರೆಯವರು ಏರದಂತೆ ಏಣಿ ಒದ್ದುಬಿಡುತ್ತಾರೆ ಅಂತ. ರಾನಡೆ 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮಾಡಿದ ಭಾಷಣದಲ್ಲಿ ಇದೇ ದಾರಿ ಹಿಡಿದರು. ಒಂದು ದೇಶದಲ್ಲಿ ಒಂದು ಕಾಲಕ್ಕೆ ಹೊಂದಿದ ಆರ್ಥಿಕ ನಿಯಮ ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಅನ್ವಯಿಸುವುದಿಲ್ಲ ಅನ್ನುವುದು ಅವರ ವಾದದ ಬೆನ್ನೆಲುಬು. ಅವರು ಸರ್ಕಾರದ ನೌಕರಿಯಲ್ಲಿದ್ದ ನ್ಯಾಯಾಧೀಶರು ಅನ್ನುವುದನ್ನು ಮರೆಯಬೇಡಿ. ನವರೋಜಿಯವರು ಇನ್ನೂ ಮುಂಚೆ, 1870ರ ದಶಕದಲ್ಲೇ, ಭಾರತದಿಂದ ವರ್ಷ ವರ್ಷ ಎಷ್ಟು ಸಂಪತ್ತು ಹೊರಗೆ ಹೋಗುತ್ತಿದೆ ಅಂತ ಸರ್ಕಾರದ ಅಂಕಿಅಂಶಗಳಿಂದಲೇ ಲೆಕ್ಕ ಹಾಕಿ ತೋರಿಸಿದ್ದರು. ಆ 1892ರಲ್ಲೇ ಅವರು ಬ್ರಿಟನ್ ಸಂಸತ್ತಿಗೂ ಆರಿಸಿ ಬಂದರು.

ಇನ್ನು ಸರ್ಕಾರ ಕೇಳಿತಾ? 1879ರಲ್ಲಿ, ಬರ ಮುಗಿದು ಖಜಾನೆ ಬರಿದಾಗಿದ್ದಾಗ, ಲಿಟ್ಟನ್ ತನ್ನ ಸಭೆಯ ಬಹುಮತವನ್ನೇ ತಳ್ಳಿಹಾಕಿ ಒರಟು ಹತ್ತಿ ಬಟ್ಟೆಯ ಆಮದು ಸುಂಕ ತೆಗೆದ. ಮ್ಯಾಂಚೆಸ್ಟರ್ ಸುತ್ತಲ ಬಟ್ಟೆ ಮಿಲ್ಲುಗಳ ಸೀಮೆ ಲ್ಯಾಂಕಶೈರ್‌ನ ಮತಗಳು ಇಂಗ್ಲೆಂಡಿನ ಚುನಾವಣೆಗೆ ಬೇಕಾಗಿದ್ದವು. 1882ರಲ್ಲಿ ಹತ್ತಿ ಬಟ್ಟೆಯ ಮೇಲಿನ ಸುಂಕ ಪೂರ್ತಿ ಹೋಯಿತು. ಖರ್ಚಿಗೆ ಹಣ ಸಾಲದೆ 1894ರಲ್ಲಿ ಮತ್ತೆ ಹಾಕಬೇಕಾಯಿತು. ಆಗ ಲ್ಯಾಂಕಶೈರ್ ಗಲಾಟೆ ಮಾಡಿತು ಅಂತ 1896ರಲ್ಲಿ ಹೊರಗಿನ ಬಟ್ಟೆಗೆ ನೂರಕ್ಕೆ ಮೂರೂವರೆ ಸುಂಕ, ಭಾರತದ ಮಿಲ್ ಬಟ್ಟೆಗೂ ನೂರಕ್ಕೆ ಮೂರೂವರೆ ಎಕ್ಸೈಸ್, ಅಂದರೆ ಇಲ್ಲೇ ತಯಾರಾದ ಮಾಲಿನ ಮೇಲಿನ ತೆರಿಗೆ. ತನ್ನ ನೆಲದ ಮಿಲ್ಲಿಗೆ ತಾನೇ ಭಾರ ಹೇರಿದ ಸರ್ಕಾರ ಇದು. ಕೈಮಗ್ಗಕ್ಕೆ ಈ ಎಕ್ಸೈಸ್ ಇರಲಿಲ್ಲ, ಆದರೆ ಅಷ್ಟರಲ್ಲಿ ನಮ್ಮವರ ಕಥೆ ಬೇರೆ ಕಾರಣಕ್ಕೇ ಸೊರಗಿತ್ತು.

ಬಳ್ಳಾರಿ_ಬಿಸಿಲು

ಆ ಎಕ್ಸೈಸ್ ಯಾವಾಗ ಹೋಯಿತು? ರಾನಡೆ ಕಡೆಯವರ ವಾದ ಕೊನೆಗೆ ಗೆದ್ದಿತಾ?

ಮಗ್ಗದ_ಮನೆ

ವಾದ 30 ವರ್ಷ ನಡೆಯಿತು. ಗೋಖಲೆ ಮಾತಾಡಿದರು, ಪತ್ರಿಕೆಗಳು ಬರೆದವು, ಮಿಲ್ ಮಾಲೀಕರು ಅರ್ಜಿ ಮೇಲೆ ಅರ್ಜಿ ಹಾಕಿದರು. 1925ರಲ್ಲಿ ಮುಂಬೈ ಮಿಲ್ ಮಾಲೀಕರು ವ್ಯಾಪಾರ ಇಲ್ಲ ಅಂತ ಕೂಲಿಯಲ್ಲಿ ನೂರಕ್ಕೆ ಹನ್ನೊಂದೂವರೆ ಕಡಿತ ಮಾಡಿದರು, ಎಕ್ಸೈಸ್ ತೆಗೆದರೆ ಕಡಿತವನ್ನೂ ತೆಗೆಯುತ್ತೇವೆ ಅಂದರು. ಕಾರ್ಮಿಕರು ಮುಷ್ಕರ ಹೂಡಿದರು, ಲಕ್ಷಕ್ಕೂ ಹೆಚ್ಚು ಜನ ತಿಂಗಳುಗಟ್ಟಲೆ ಮಿಲ್ಲಿಗೆ ಕಾಲಿಡಲಿಲ್ಲ, ಬಹಳಷ್ಟು ಜನ ಊರಿಗೆ ವಾಪಸ್ ಹೋದರು. ಡಿಸೆಂಬರಿನಲ್ಲಿ ಸರ್ಕಾರ ಎಕ್ಸೈಸ್ ನಿಲ್ಲಿಸಿತು, ಕೂಲಿ ಮೊದಲಿನಷ್ಟೇ ಆಯಿತು, ಮಿಲ್ಲುಗಳು ತೆರೆದವು. ಮುಂದಿನ ವರ್ಷ ಆ ಎಕ್ಸೈಸನ್ನು ಕಾನೂನಿನಿಂದಲೇ ತೆಗೆದುಹಾಕಿದರು.